ತಲೆಯ ಮೇಲೊಂದು ಕೈ

ಗ್ರೀನ್‌ಫರ್ಡ್‌ನ ನಮ್ಮ ಮನೆಯ ಬಾಗಿಲು ತೆಗೆದ ಕೂಡಲೇ ಆ ಪುಟ್ಟ ಹುಡುಗಿ ನನ್ನೆದುರು ಮಂಡಿಯೂರಿದಳು. ಎಡವಿದಳೆಂದು ಗಾಬರಿಯಾಗಿ ಎತ್ತಿ ನಿಲ್ಲಿಸಿಬಿಟ್ಟೆ. ಅವಳ ಮುಖ ಬಾಡಿತು.

ದಿಕ್ಕಿಲ್ಲದ ಮಕ್ಕಳ ನೆರವಿಗಾಗಿ ಊರೂರಿನ ಚರ್ಚುಗಳಲ್ಲಿ ಹಾಡುತ್ತ, ರಾತ್ರಿ ಅಲ್ಲಿನವರ ಮನೆಗಳಲ್ಲಿ ತಂಗುವ ಉಗಾಂಡಾದ ಮಕ್ಕಳ ತಂಡದ ಇಬ್ಬರು ಅಂದು ನಮ್ಮ ಅತಿಥಿಗಳು. ಊಟಕ್ಕೆ ಕರೆದರೆ ಚಿಕ್ಕವಳು ಕೂತಲ್ಲಿಂದ ಏಳಲಿಲ್ಲ.

“ನಮ್ಮಲ್ಲಿ ಹಿರಿಯರಿಗೆ ನಮಸ್ಕಾರ ಮಾಡೋದು ಹಾಗೆ ಮಂಡಿಯೂರಿಯೇ ಆಂಟಿ. ನಿಮಗೆ ಬೇಡವಾಯ್ತು ಅಂದ್ಕೊಂಡಿದ್ದಾಳೆ,” ಎಂದು ದೊಡ್ಡವಳು ಇಂಗ್ಲಿಷಿನಲ್ಲಿ ಹೇಳಿದಳು.

ನಾನದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಕುಂದಾಪುರದ ನಮ್ಮ ಅತ್ತೆ ಹೋಗಿ ಮಗುವಿನ ತಲೆಯ ಮೇಲೆ ಕೈಯಿಟ್ಟರು. “ದೇವ್ರ್ ಒಳ್ಳೇದ್ ಮಾಡ್ಲಿ ಮಗಾ. ಉಂಬುಕ್ ಬಾ.” ಭಾಷೆ ತಿಳಿಯದಿದ್ದರೂ ಅವಳು ಅತ್ತೆಯ ಕೈಹಿಡಿದು ಬಂದು, ಸಾರನ್ನವನ್ನು ಮತ್ತೆ ಹಾಕಿಸಿಕೊಂಡು ಉಂಡಳು.

ತಂಡ ಮುಂದಿನ ಊರಿಗೆ ಹೋಗಿ ಬಹಳ ದಿನವಾಯಿತು. ಸಂಜೆ ದೀಪ ಹಚ್ಚುವಾಗ ಅತ್ತೆ ಈಗಲೂ ಕೇಳುತ್ತಾರೆ: “ಆ ಹೆಣ್ಣ್ ಇವತ್ತ್ ಯಾರ್ ಮನಿಯೊಳ್ಗ್ ಇತ್ತೋ?”