ಫ್ಯಾಕ್ಟರಿ ಟೈಮಿನ ಮ್ಯಾನೇಜರು

ಗಡಿಯಾರದ ಮುಖವನ್ನು ಅವರು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು. ಹಾಗಾಗಿ ತಡವಾಗಿ ಬಂದವರಿಗೆ ಹೊತ್ತು ತೋರಿಸಬೇಕಾದಾಗ ಅಂಗೈ ಮೇಲೆ ಮಾಡಿ ಕೈ ಚಾಚಬೇಕಾಗುತ್ತಿತ್ತು. ದೂರದಿಂದ ನೋಡಿದವರಿಗೆ, ಫ್ಯಾಕ್ಟರಿ ಗೇಟಿನಲ್ಲಿ ನಿಂತು ಯಾರೋ ಏನನ್ನೋ ಬೇಡುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದಾಗ ಮಾತ್ರ ಆ ಕೈಯ ಹಿಂದಿನ ಮುಖ ಕಾಣುತ್ತಿತ್ತು: ನುಣ್ಣಗೆ ಬೋಳಿಸಿದ ಗಲ್ಲ, ಹಣೆಗೆ ತೆಳ್ಳಗೆ ವಿಭೂತಿ, ತುಟಿಯ ಕೊನೆಯಲ್ಲಿ ಆಟ ಗೆದ್ದವರ ತೃಪ್ತಿ.

ಕಡೂರಿನ ಹೊರಗಿರುವ ಒಂದು ತೆಂಗಿನಕಾಯಿ ಪುಡಿ ಫ್ಯಾಕ್ಟರಿಗೆ ಅವರು ಮ್ಯಾನೇಜರು. ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅಲ್ಲಿ, ಪುಡಿಯ ಗುಣಮಟ್ಟ ನೋಡುವುದು. ಅಜ್ಜಂಪುರದಿಂದ ರೈಲಿನಲ್ಲಿ ಬರುತ್ತಿದ್ದೆ. ಸೇರಿದ ವಾರವೇ ರೈಲು ಬೀರೂರಿನಲ್ಲಿ ಇನ್ನೊಂದು ಗಾಡಿಗೆ ದಾರಿ ಬಿಡಲು ನಿಂತುಬಿಟ್ಟಿತು. ಓಡುತ್ತಾ ಗೇಟಿಗೆ ಬಂದೆ. ಅವರು ಬೈಯಲಿಲ್ಲ. ಕೈ ಚಾಚಿದರು.

"ಎಷ್ಟಾಯ್ತು, ನೀವೇ ಓದಿ ಮೇಡಂ."

ಓದಿದೆ. ಶಾಲೆಯ ಹುಡುಗಿಯಂತೆ, ವಾಚ್‌ಮನ್ ಎದುರಿಗೆ, ಗಟ್ಟಿಯಾಗಿ. ಆಮೇಲೆ ನನ್ನ ಮೊಬೈಲಿನಲ್ಲಿ ಅಷ್ಟಾಗಿಲ್ಲವೆಂದು ತೋರಿಸಿದೆ.

"ಅದು ಸರ್ಕಾರಿ ಟೈಮು. ಇದು ಫ್ಯಾಕ್ಟರಿ ಟೈಮು."

ವಾಚ್‌ಮನ್ ನಗಲೂ ಇಲ್ಲ. ಎಷ್ಟು ಸಲ ಕೇಳಿದ್ದನೋ. ತಮ್ಮ ಗಡಿಯಾರ ಮುಂದಿದೆ ಎಂದು ಅವರಿಗೆ ಗೊತ್ತಿತ್ತು, ಬೇಕೆಂದೇ ಮುಂದಿಟ್ಟಿದ್ದರು. ಆ ನಾಲ್ಕೈದು ನಿಮಿಷ ಯಾರದ್ದು ಎಂಬ ಪ್ರಶ್ನೆ ಅವರನ್ನು ಎಂದೂ ಕಾಡಲಿಲ್ಲ.

ಅವರ ಬಗ್ಗೆ ಒಳ್ಳೆಯ ಮಾತು ಹೇಳುವವರೆಲ್ಲ ಹೇಳುವ ಘಟನೆಯೊಂದಿದೆ. ಚಿಪ್ಪು ಬಿಡಿಸುವ ಒಬ್ಬನಿಗೆ ಕತ್ತಿ ತಾಗಿ ಕೈ ಸೀಳಿತು. ಮ್ಯಾನೇಜರು ಅವನನ್ನು ತಮ್ಮ ಸ್ಕೂಟರಿನ ಮೇಲೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದರು, ಹೊಲಿಗೆ ಹಾಕುವ ತನಕ ಪಕ್ಕದಲ್ಲೇ ನಿಂತರು, ಮನೆಗೂ ಬಿಟ್ಟುಬಂದರು. ಸಂಜೆ ಅವನಿಗೆ ಅರ್ಧ ದಿನ ಕಡಿತ ಹಾಕಿದರು. ತಮಗೂ ಅರ್ಧ ದಿನ ಕಡಿತ ಹಾಕಿಕೊಂಡರು. ಇದನ್ನು ಹೇಳುವವರು ತಮಗೂ ಎನ್ನುವ ಮಾತನ್ನು ಒತ್ತಿ ಹೇಳುತ್ತಾರೆ. ಅವರದ್ದು ತಿಂಗಳ ಸಂಬಳ, ಅವನದ್ದು ಆ ದಿನದ ಅನ್ನ. ಎರಡೂ ಅರ್ಧ ದಿನ ಒಂದೇ ಅಳತೆಯವು ಎಂದು ನಂಬುವುದನ್ನು ನ್ಯಾಯ ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಅಲ್ಲಿನ ಕೆಲಸದ ಕ್ರಮ ಹೀಗೆ. ಗಂಡಸರು ನಸುಕಿನಲ್ಲೇ ಬಂದು ತೆಂಗಿನಕಾಯಿಯ ಚಿಪ್ಪು ಬಿಡಿಸಿ ರಾಶಿ ಹಾಕುತ್ತಾರೆ. ಬೆಳಿಗ್ಗೆ ಹಿರೇನಲ್ಲೂರು ಕಡೆಯ ಬಸ್ಸಿನಲ್ಲಿ ಬರುವ ಹೆಂಗಸರು ಅದರ ಮೇಲಿನ ಕಂದು ಸಿಪ್ಪೆ ಹೆರೆಯುತ್ತಾರೆ. ಆಮೇಲೆ ತೊಳೆದು, ತುರಿದು, ಒಣಗಿಸುವುದು. ಚಿಪ್ಪು ಬಿಟ್ಟ ಕಾಯಿ ಬಹಳ ಹೊತ್ತು ತಾಳುವುದಿಲ್ಲ. ಬೇಸಿಗೆಯಲ್ಲಂತೂ ಬೇಗನೆ ಲೋಳೆ ಬಿಟ್ಟು ಹುಳಿಯಾಗುತ್ತದೆ. ಹೆಂಗಸರಿಗೆ ಕೂಲಿ ಹೆರೆದ ತೂಕದ ಮೇಲೆ. ಅವರು ತಡವಾಗಿ ಬಂದರೆ ನಷ್ಟ ಅವರಿಗೇ. ಆದರೂ ಅವರ ಮೇಲೆಯೇ ಮ್ಯಾನೇಜರ ಕಣ್ಣು ಹೆಚ್ಚು.

ಯುಗಾದಿಗೆ ಫ್ಯಾಕ್ಟರಿಗೆ ಕೆಲವು ದಿನ ರಜೆ ಇತ್ತು. ರಜೆ ಮುಗಿಯುವಷ್ಟರಲ್ಲಿ ಅವರು ಗೇಟಿನ ಪಕ್ಕ ಹಾಜರಿಗೆಂದು ಹೆಬ್ಬೆಟ್ಟಿನ ಮಿಷನ್ ಕೂರಿಸಿದ್ದರು. ಮೊದಲ ದಿನವೇ ಎಲ್ಲರ ಹೆಬ್ಬೆಟ್ಟನ್ನೂ ಒತ್ತಿಸಿ ನೋಂದಾಯಿಸಿದರು. ಮಗುವಿನ ಕೈಗೆ ಹೊಸ ಆಟಿಕೆ ಬಂದ ಹಾಗೆ ಅದರ ಸುತ್ತ ಸುಳಿದಾಡಿದರು. ಹತ್ತು ದಿನ ಕಳೆಯುವುದರೊಳಗೆ ಹೆರೆಯುವ ಹೆಂಗಸರಲ್ಲಿ ಒಬ್ಬೊಬ್ಬರ ಬೆರಳನ್ನೇ ಮಿಷನ್ ಒಪ್ಪದಾಯಿತು. ಸೋಪು ಹಾಕಿ ತೊಳೆದು ಬನ್ನಿ ಎಂದರು. ತೊಳೆದು ಬಂದರೂ ಕೆಂಪು ದೀಪವೇ. ಮೊದಲ ದಿನ ತೆಗೆದುಕೊಂಡಿತ್ತಲ್ಲ, ಹಾಗಾದರೆ ಇದು ನಿಮ್ಮದೇ ಚೇಷ್ಟೆ ಎಂದರು. ಹೆಂಗಸರಿಗೆ ಇದೇನೂ ಹೊಸದಲ್ಲ. ಅವರಲ್ಲಿ ಹಳಬಳಾದ ಚೌಡಕ್ಕ ನನಗೆ ಕೈ ತೋರಿಸಿದಳು.

"ರೇಷನ್ ಅಂಗಡೀಲೂ ತಗಳಲ್ಲ ಕಣಮ್ಮ. ಅಲ್ಲಿಗೆ ಮಗಳನ್ನ ಕಳುಸ್ತೀನಿ. ಹಬ್ಬಕ್ಕೆ ಮನೇಲಿದ್ವಲ್ಲ, ಚರ್ಮ ಒಸಿ ಬಂದಿತ್ತು. ಮತ್ತೆ ಸವೆದೋಯ್ತು."

ದಿನವಿಡೀ ನೀರಿನಲ್ಲಿ, ಎಣ್ಣೆ ಜಿಡ್ಡಿನಲ್ಲಿ, ಅಲಗಿನ ಮೇಲೆ ಆಡುವ ಬೆರಳುಗಳು. ಈ ಸಂಗತಿಯನ್ನು ನಾನು ಮ್ಯಾನೇಜರಿಗೆ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, "ಮಿಷನ್ನು ಸುಳ್ಳು ಹೇಳಲ್ಲ ಮೇಡಂ" ಎಂದರು.

ಮರುದಿನ ನಾನು ಗೇಟಿಗೆ ಬಂದಾಗ ಬಸ್ಸಿನವರು ಆಗಲೇ ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ಮೊದಲಿದ್ದವಳು ಚೌಡಕ್ಕ. ಮಿಷನ್ ಅವಳ ಹೆಬ್ಬೆಟ್ಟನ್ನು ಮತ್ತೆ ಮತ್ತೆ ತಿರಸ್ಕರಿಸಿತು. ಅಷ್ಟರಲ್ಲಿ ಫ್ಯಾಕ್ಟರಿ ಟೈಮಿನ ಪ್ರಕಾರ ಒಳಗೆ ಹೋಗುವ ಹೊತ್ತು ಮೀರಿತು. ತಡವಾಯ್ತು, ತಪ್ಪಾಯ್ತು ಅಂತ ಒಂದು ಮಾತು ಹೇಳಿ ಒಳಗೆ ಹೋಗು ಎಂದರು ಮ್ಯಾನೇಜರು. ಇಲ್ಲದಿದ್ದರೆ ನಾಳೆಯಿಂದ ಬರುವುದೇ ಬೇಡ.

"ಬಸ್ಸಿಂದ ಮೊದ್ಲು ಇಳಿದೋಳೇ ನಾನು," ಎಂದಳು ಚೌಡಕ್ಕ. "ನಿಮ್ ಕಣ್ಮುಂದೆ ನಿಂತಿದೀನಿ. ಬಂದಿಲ್ಲ ಅಂತ ಅದು ಹೇಳಿದ್ರೆ ಬಂದಿಲ್ವಾ ಸಾರ್? ಹಂಗಾರೆ ಇಷ್ಟೊತ್ತು ನೀವ್ ಯಾರ ತಾವ ಮಾತಾಡ್ತಿದೀರಾ?"

ಹೆಂಗಸರು ನಕ್ಕರು. ಆ ನಗು ಮ್ಯಾನೇಜರ ಮುಖವನ್ನು ಕಲ್ಲು ಮಾಡಿತು. ಗೇಟು ಹಾಕಿಸಿದರು. ಮಿಷನ್ ಬೆರಳು ಒಪ್ಪುತ್ತಿದ್ದವರೂ ಒಳಗೆ ಬಿಡಿ ಎಂದು ಕೇಳದೆ ಚೌಡಕ್ಕನ ಜೊತೆ ಹೊರಗೇ ಬೇವಿನ ಮರದ ಕೆಳಗೆ ಕೂತರು. ಒಳಗೆ ಶೆಡ್ಡಿನಲ್ಲಿ ಚಿಪ್ಪು ಬಿಟ್ಟ ಕಾಯಿ ಬೆಳ್ಳಗೆ, ಒದ್ದೆಯಾಗಿ ಬಿದ್ದಿತ್ತು. ಬಿಸಿಲೇರುತ್ತಿದ್ದ ಹಾಗೆ ನಾನು ಮ್ಯಾನೇಜರ ಕೋಣೆಗೆ ಹೋಗಿ, ಕಾಯಿ ಹುಳಿಯಾಗುತ್ತದೆ, ಗೇಟು ತೆಗೆಸಿ ಎಂದೆ.

"ಕಾಯಿ ಹಾಳಾದ್ರೆ ಇನ್ನೊಂದ್ ಲೋಡ್ ತರಿಸ್ತೀನಿ. ಶಿಸ್ತು ಹಾಳಾದ್ರೆ ಎಲ್ಲಿಂದ ತರಿಸ್ಲಿ?"

ಮಾತು ಚೆನ್ನಾಗಿದೆ. ಗೋಡೆಯ ಮೇಲೆ ಬರೆಸಬಹುದು. ಅದನ್ನು ಹೇಳುವಾಗ ಹೊರಗೆ ಒಬ್ಬ ಹೆಂಗಸು, ಸಮಯಕ್ಕೆ ಸರಿಯಾಗಿ ಬಂದವಳು, ತನ್ನದಲ್ಲದ ತಪ್ಪನ್ನು ಒಪ್ಪಿಕೊಳ್ಳಲಿ ಎಂದು ಮರದ ಕೆಳಗೆ ಕೂರಿಸಲ್ಪಟ್ಟಿದ್ದಳು.

ಮಧ್ಯಾಹ್ನಕ್ಕೆ ರಾಶಿಯಿಂದ ವಾಸನೆ ಬರತೊಡಗಿತು. ತರೀಕೆರೆಯಿಂದ ಫ್ಯಾಕ್ಟರಿಯ ಯಜಮಾನರು ಕಾರಿನಲ್ಲಿ ಬಂದರು. ಹೆಂಗಸರು ತಡ ಮಾಡಿ ಬಂದರು, ಒಬ್ಬಳು ಉಳಿದವರನ್ನು ಎತ್ತಿಕಟ್ಟಿದಳು ಎಂದು ಮ್ಯಾನೇಜರು ವರದಿ ಒಪ್ಪಿಸಿದರು. ಅವಳನ್ನು ಕೆಲಸದಿಂದ ಬಿಡಿಸಿ ಕಳಿಸಿ ಎಂದರು ಯಜಮಾನರು. ನನ್ನನ್ನು ಕರೆದದ್ದು ಕಾಯಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಲಿಕ್ಕೆ ಮಾತ್ರ. ಏನೂ ಉಳಿಯುವುದಿಲ್ಲ ಎಂದೆ. ಆಮೇಲೆ, ಆ ಹೆಂಗಸು ತಡ ಮಾಡಿಲ್ಲ, ನಾನು ಬರುವಾಗಲೇ ಗೇಟಿನಲ್ಲಿದ್ದಳು ಎಂದೆ. ಮ್ಯಾನೇಜರು ಮಿಷನ್ನಿನ ಕಡೆ ಕೈ ತೋರಿಸಿದರು.

ಮೇಜಿನ ಮೇಲೆ ಶಾಯಿಯ ಪ್ಯಾಡ್ ಇತ್ತು. ಚೌಡಕ್ಕನನ್ನು ಒಳಗೆ ಕರೆಸಿ ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಲು ಹೇಳಿದೆ. ಪಕ್ಕದಲ್ಲಿ ನನ್ನದನ್ನೂ ಒತ್ತಿದೆ. ನನ್ನದರಲ್ಲಿ ಸುತ್ತು ಸುತ್ತಾಗಿ ಗೆರೆಗಳಿದ್ದವು. ಅವಳದ್ದು ಬರೀ ನೀಲಿ ಮಚ್ಚೆ.

ಯಜಮಾನರು ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು. "ಇದೇನಮ್ಮ ಇದು, ಗೆರೆನೇ ಇಲ್ವಲ್ಲ?"

"ನಿಮ್ ಕಾಯಿ ಹೆರೆದೂ ಹೆರೆದೂ ಯಜಮಾನ್ರೇ," ಎಂದಳು.

ಕೆಲಸ ಉಳಿಯಿತು. ಮಿಷನ್ ಆಫೀಸಿನ ನಮಗೆ ಮಾತ್ರ ಎಂದಾಯಿತು. ಆದರೆ ಚೌಡಕ್ಕ ಕೋಣೆ ಬಿಟ್ಟು ಹೊರಡಲಿಲ್ಲ. ತಾನು ತಡ ಮಾಡಿರಲಿಲ್ಲ ಎಂದು ಮ್ಯಾನೇಜರು ಒಂದು ಮಾತು ಹೇಳಲಿ ಎಂದು ಕೇಳಿದಳು. ಅವರು ಕಿಟಕಿಯ ಕಡೆ ನೋಡಿದರು. ಯಜಮಾನರು, ಆಯ್ತಲ್ಲಮ್ಮ, ಇನ್ನೇನು, ಹೋಗು ಎಂದರು. ಹೋದಳು. ಆ ದಿನದ ಕೂಲಿ ಯಾರಿಗೂ ಸಿಗಲಿಲ್ಲ.

ಆಮೇಲೂ ಅವರು ಎರಡು ವರ್ಷ ಅದೇ ಗೇಟಿನಲ್ಲಿ ನಿಂತರು. ಚೌಡಕ್ಕ ದಿನವೂ ಅವರೆದುರೇ ಹಾದು ಒಳಗೆ ಹೋದಳು. ಅವಳು ಬರುವಾಗ ಅವರು ವಾಚ್‌ಮನ್ ಜೊತೆ ಏನೋ ಮಾತು ತೆಗೆಯುತ್ತಿದ್ದರು. ಒಂದು ಮಾತು, ಮೂರೇ ಶಬ್ದ. ಅದಕ್ಕೆ ಅವರ ಬಳಿ ಒಂದು ದಿನವೂ ಹೊತ್ತು ಸಿಗಲಿಲ್ಲ.

ಕಳೆದ ಆಷಾಢದಲ್ಲಿ, ಒಂದು ಭಾನುವಾರ, ಸ್ನಾನ ಮುಗಿಸಿ ಕೂತವರು ಕೂತಲ್ಲೇ ಹೋದರು. ಹೆರೆಯುವ ಶೆಡ್ಡಿನಲ್ಲೇ ಸಂತಾಪ ಸಭೆ. ಫೋಟೋಗೆ ಹಾರ ಹಾಕಿದ್ದರು. ಯಜಮಾನರು ಶಿಸ್ತಿನ ಬಗ್ಗೆ ಮಾತಾಡಿದರು. ಲೆಕ್ಕದವರು ಶಿಸ್ತಿನ ಬಗ್ಗೆ ಮಾತಾಡಿದರು. ಇಷ್ಟು ವರ್ಷದಲ್ಲಿ ಒಂದು ದಿನವೂ ತಡ ಮಾಡಿದವರಲ್ಲ ಎಂದರು, ಅದು ನಿಜ. ಓದಿದವಳೆಂದು ನನ್ನನ್ನೂ ಎಬ್ಬಿಸಿದರು. ಸಭೆಗಳಲ್ಲಿ ಮಾತಾಡುವುದು ನನಗೆ ಹಿಂಸೆ. ಹೊಗಳುವ ಮಾತು ಹುಡುಕಿದೆ; ಸಿಕ್ಕಿದ್ದು ಸಿಟ್ಟು ಮಾತ್ರ. ಅವರು ಹೇಳದೆ ಉಳಿಸಿಹೋದ ಒಂದು ಮಾತಿದೆ, ಅವರ ಪರವಾಗಿ ನಾನು ಹೇಳುತ್ತೇನೆ ಎಂದೆ. "ಚೌಡಕ್ಕ ಅವತ್ತು ತಡ ಮಾಡಿರಲಿಲ್ಲ."

ಕೂತೆ. ಯಜಮಾನರು ಶಲ್ಯ ಸರಿಮಾಡಿಕೊಂಡರು. ಯಾರೋ ಮೌನಾಚರಣೆ ಎಂದರು, ಎಲ್ಲರೂ ಎದ್ದು ನಿಂತರು.

ಸಭೆ ಮುಗಿದ ಮೇಲೆ ಚೌಡಕ್ಕ ಕಾಯಿ ರಾಶಿಯ ಕಡೆ ಹೋಗುತ್ತಾ ನನ್ನ ಹತ್ತಿರ ಒಂದು ಗಳಿಗೆ ನಿಂತಳು. ಸಂತೋಷಪಟ್ಟಿದ್ದಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ಕೆಂಪಗಿತ್ತು.

"ಅವ್ರ ಬಾಯಲ್ಲೇ ಬರ್ಬೇಕಿತ್ತು ಕಣಮ್ಮ," ಎಂದಳು.