ಮೀನಿಗೆ ಹಸಿವಾಗಿರಬೇಕು

ನಮ್ಮ ಮನೆತನದಲ್ಲಿ ಮೀನು ಎಂಬ ಶಬ್ದವನ್ನೇ ಹೊಸ್ತಿಲಾಚೆ ಇಟ್ಟಿದ್ದರು. ಚಿಕ್ಕವನಿದ್ದಾಗ ಚಿತ್ರಪಟ ನೋಡಿ ನಾನು 'ಮೀನು' ಎಂದು ಗಟ್ಟಿಯಾಗಿ ಓದಿದರೆ, ಅಜ್ಜಿ ಒಲೆಯ ಮುಂದಿನಿಂದಲೇ "ಅದನ್ನ ಬಿಡು, ಮುಂದ ಮಾವಿನಹಣ್ಣು ಐತಿ ನೋಡು, ಅದನ್ನ ಓದು" ಎನ್ನುತ್ತಿದ್ದಳು. ಅಂಥ ಅಜ್ಜಿಯ ಮೊಮ್ಮಗ ಐವತ್ತು ದಾಟಿದ ಮೇಲೆ ಹೈದರಾಬಾದಿನಲ್ಲಿ ಕೂತು ಮೀನು ಸಾಕಿದ ಎಂದರೆ ಅದಕ್ಕೆ ಕಾರಣ ಪ್ರಾಣಿದಯೆಯಲ್ಲ, ಬಿ.ಪಿ.

ಕುಷಾಯಿಗೂಡದ ನಮ್ಮ ಡಾಕ್ಟರು ಒಂದು ದಿನ ನನ್ನ ತೋಳಿಗೆ ಪಟ್ಟಿ ಸುತ್ತಿ ಯಂತ್ರದ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಎರಡೂ ಚೆನ್ನಾಗಿರಲಿಲ್ಲ. ಸಿಟ್ಟು ಕಡಿಮೆ ಮಾಡಬೇಕು ಎಂದರು. ನಾನು ನಾಚಾರಂನ ಒಂದು ಡಬ್ಬಿ ಕಾರ್ಖಾನೆಯಲ್ಲಿ ಮುಚ್ಚಳಗಳು ಸರಿಯಾಗಿ ಕೂರುತ್ತವೆಯೋ ಇಲ್ಲವೋ ಎಂದು ನೋಡುವವನು. ಕೂರದ ಮುಚ್ಚಳ ಕಂಡೂ ಸಿಟ್ಟು ಬರದಿದ್ದರೆ ನನಗೆ ಸಂಬಳ ಯಾಕೆ ಕೊಡಬೇಕು? ಹಾಗಾದರೆ ಮನೆಗೆ ಬಂದ ಮೇಲಾದರೂ ಮೀನು ನೋಡುತ್ತ ಕೂತಿರಿ, ಮನಸ್ಸು ತಣ್ಣಗಾಗುತ್ತದೆ, ಮಳೆಗಾಲ ಶುರುವಾದ ಮೇಲೆ ನೋಡೋಣ, ಇಳಿಯದಿದ್ದರೆ ಇನ್ನೊಂದು ಗುಳಿಗೆ, ಎಂದರು. ಆ 'ಇನ್ನೊಂದು' ನನ್ನನ್ನು ಹೆದರಿಸಿತು. ಗುಳಿಗೆ ಒಂದೇ ಇರುವತನಕ ಮನುಷ್ಯ ತನ್ನನ್ನು ಆರೋಗ್ಯವಂತರ ಪೈಕಿಯೇ ಎಂದುಕೊಳ್ಳಬಹುದು. ಎರಡಾದರೆ ಅವನ್ನು ಇಡಲು ಡಬ್ಬಿ ಬೇಕಾಗುತ್ತದೆ. ಹಗಲೆಲ್ಲ ಡಬ್ಬಿ ನೋಡುವ ನನಗೆ ಮನೆಯಲ್ಲೂ ಡಬ್ಬಿ ಬೇಡವಾಗಿತ್ತು.

ಹಾಗೆ ನೋಡಿದರೆ ಮೀನನ್ನು ಔಷಧ ಮಾಡಿಕೊಳ್ಳುವುದು ಈ ಊರಿಗೆ ಹೊಸದೇನಲ್ಲ. ಮೃಗಶಿರ ಹಿಡಿದಾಗ ದಮ್ಮಿನವರು ಊರೂರಿನಿಂದ ಬಂದು ಸಾಲು ನಿಂತು, ಬಾಯಲ್ಲಿ ಮದ್ದು ತುಂಬಿದ ಜೀವಂತ ಮೀನನ್ನು ಗುಳುಂ ಎಂದು ನುಂಗಿ ಹೋಗುತ್ತಾರೆ. ನನ್ನದು ಅದಕ್ಕಿಂತ ಸಭ್ಯ ಚಿಕಿತ್ಸೆ, ಬರೀ ನೋಡಿದರೆ ಸಾಕು. ಅವ್ವನಿಗೆ ಇದನ್ನು ವಿವರಿಸುವುದೇ ಕಷ್ಟವಾಯಿತು. "ದೇವರ ಜಗಲಿ ಎದುರ ಮೀನ ತಂದಿಡತೀ ಏನೋ?" ಎಂದಳು. ದೇವರ ಮೊದಲನೆಯ ಅವತಾರವೇ ಮೀನು, ಬೊಗಸೆಯಿಂದ ಕೊಡಕ್ಕೆ, ಕೊಡದಿಂದ ಕೆರೆಗೆ, ಕೆರೆಯಿಂದ ಕಡಲಿಗೆ ಬೆಳೆದ ಮೀನು ಎಂದು ನಾನು ಪುರಾಣ ತೆಗೆದೆ. "ಖರೇ ಐತಿ. ಆದ್ರ ಅವನ್ನ ಯಾರೂ ಗಾಜಿನ ಪೆಟಗ್ಯಾಗ ಕುಂದರಸಿದ್ದಿಲ್ಲ" ಎಂದು ಅವ್ವ ಪುರಾಣ ಮುಚ್ಚಿದಳು.

ಒಳ್ಳೆಯ ಮೀನು ಮೆಹದಿಪಟ್ಟಣಂನಲ್ಲಿ ಸಿಗುತ್ತವೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿಯವರೆಗೂ ಹೋದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೆಂಪು ಮೀನುಗಳನ್ನು ಎತ್ತಿ ಹಿಡಿದು ಬಸ್ಸಿಗೆ ಕಾಯುತ್ತಿದ್ದೇನೆ, ಎದುರಿಗೆ ಹುಮನಾಬಾದಿನ ನಮ್ಮ ಬೀಗರು ಇಳಿಯಬೇಕೇ!

"ಏನ್ರಿ ಇದು, ಕೈಯಾಗ ಮೀನ?"

"ನೋಡಾಕ್ರೀ, ತಿನ್ನಾಕಲ್ಲ" ಎಂದೆ.

"ಆಗ್ಲಿ ಬಿಡ್ರಿ, ಮೊದಲ ಎಲ್ಲಾರೂ ನೋಡೇ ನೋಡತಾರ" ಎಂದು ಅವರು ಬಹಳ ಉದಾರವಾಗಿ ನನ್ನನ್ನು ಕ್ಷಮಿಸಿದರು.

ಮೀನುಗಳು ಬಂದವು, ಗುಣವೂ ಕಂಡಿತು. ಸಂಜೆ ಕಾರ್ಖಾನೆಯಿಂದ ಬಂದು ತೊಟ್ಟಿಯ ಮುಂದೆ ಕೂತರೆ ಗುಳುಗುಳು ಗುಳ್ಳೆಯೇಳುವ ಸದ್ದು, ಯಾವ ಅವಸರವೂ ಇಲ್ಲದೆ ಇತ್ತ ಬಂದು, ಇತ್ತ ಬಂದದ್ದೇಕೆಂದು ಮರೆತು ಅತ್ತ ಹೋಗುವ ಮೀನುಗಳು. ನನಗೂ ಆ ಹೊತ್ತಿನಲ್ಲಿ ಮುಚ್ಚಳಗಳು ಮರೆಯುತ್ತಿದ್ದವು. ಕೆಲವೇ ವಾರಗಳಲ್ಲಿ ಅವ್ವನ ಮಣೆ ಜಗಲಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸರಿದು ತೊಟ್ಟಿಯ ಪಕ್ಕಕ್ಕೆ ಬಂದಿತ್ತು. "ಬಾಯಿ ನೋಡು, ಒಂದೇ ಸಮ ಆಡಸತಾವ. ಏನೋ ಬೇಡಾಕತ್ತಾವ" ಎನ್ನುತ್ತಿದ್ದಳು. ಬೇಡುವ ಬಾಯಿ ಕಂಡರೆ ಸುಮ್ಮನಿರುವ ಹೆಂಗಸಲ್ಲ ನಮ್ಮವ್ವ. ಕರೆಂಟು ಬಿಲ್ಲು ಕೊಡಲು ಬಂದವನನ್ನೂ "ಉಂಡ ಹೋಗಪಾ" ಎನ್ನುವವಳು. ಮೀನಿನ ಬಾಯಿ ಉಸಿರಿಗೆ ಆಡುತ್ತದೆ, ಊಟಕ್ಕಲ್ಲ ಎಂದು ಆಗಲೇ ಒತ್ತಿ ಹೇಳಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೇನೋ.

ನಮ್ಮ ಮನೆಯಲ್ಲಿ ನೀರು ಬೇಡುವ ವಸ್ತುಗಳು ಎರಡು: ಮೀನಿನ ತೊಟ್ಟಿ ಮತ್ತು ಇನ್ವರ್ಟರಿನ ಬ್ಯಾಟರಿ. ಎರಡೂ ನನ್ನ ಖಾತೆ. ಆದರೆ ಬ್ಯಾಟರಿಗೆ ಬಾಲವಿಲ್ಲ, ಬಣ್ಣವಿಲ್ಲ, ಅದು ಬಾಗಿಲ ಹಿಂದೆ ಮೂಲೆಯಲ್ಲಿ ಕೂತಿರುತ್ತದೆ. ತೊಟ್ಟಿಯ ನೀರು ಬದಲಿಸುವ ಭಕ್ತಿಯಲ್ಲಿ ನಾನು ಬ್ಯಾಟರಿಯನ್ನು ಪೂರ್ತಿ ಮರೆತೆ. ಮೃಗಶಿರ ಮಳೆಗೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ ಗಾಳಿ ಎದ್ದು, ಬೀದಿಯ ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಇನ್ವರ್ಟರು ಕುಂಯ್ ಎಂದು ಒಂದು ಸಲ ಗೊಣಗಿ ಬಾಯಾರಿ ಮಲಗಿಬಿಟ್ಟಿತು. ತೊಟ್ಟಿಗೆ ಗಾಳಿ ಊದುವ ಪಂಪು ನಿಂತು ಗುಳ್ಳೆಗಳೂ ನಿಂತವು.

ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಒಂದೊಂದಾಗಿ ಮೇಲೆ ಬಂದು, ನೀರಿನ ಅಂಚಿನಲ್ಲಿ ಬಾಯಿ ತೆರೆದು ತೇಕತೊಡಗಿದವು. ನನ್ನ ಕಿವಿಯಲ್ಲಿ ರಕ್ತ ಡಬಡಬ ಬಡಿಯಿತು. ಡಾಕ್ಟರ ಬಳಿ ಹೋಗುವುದು ಅದೇ ವಾರ. ಈ ಮೀನು ಹೋದರೆ ನನ್ನ ಎರಡನೆಯ ಗುಳಿಗೆ ಖಚಿತ. ನನ್ನ ಹೆಂಡತಿ ಸುಮಂಗಲಾ ಕೂಗಾಡಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದಳು. "ರೀ, ನೀರು ಮಗ್ಗಿನಾಗ ಎತ್ತಿ ಮ್ಯಾಲಿಂದ ಸುರೀಬೇಕಂತ. ಚಹಾ ಆರಸಿದಂಗ. ಬಿಡಲಾರದ ಮಾಡಬೇಕಂತ" ಎಂದು ಬಚ್ಚಲಿನ ಮಗ್ಗು ನನ್ನ ಕೈಗೆ ಕೊಟ್ಟಳು.

ಚಹಾ ಆರಿಸುವುದು ನೋಡಲು ಸುಲಭ. ಮಾಡಿದರೆ ಭುಜಕ್ಕೆ ಗೊತ್ತಾಗುತ್ತದೆ. ಸೆಖೆಗೆ ಬಾಗಿಲು ತೆರೆದಿಟ್ಟಿದ್ದೆವು, ಎದುರುಮನೆಯ ನಸೀಮ್ ಆಪಾ ಇಣುಕಿ ನೋಡಿದರು. "ಅರೆ ಭಾಯ್, ಪರೇಶಾನ್ ನಕ್ಕೊ ಹೋ, ಮಗ್ ಇಧರ್ ದೇವ್" ಎಂದು ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ ಮಗ್ಗು ಕಸಿದುಕೊಂಡರು. ಮೇಲಿನ ಮನೆಯ ರಾವ್ ಗಾರು ಇಳಿದು ಬಂದರು. ಅವರು ಸರತಿ ಹಾಕಿದರು, ತಾಳ ಹಾಕಿದರು, ಯಾರು ಎಷ್ಟು ಎತ್ತರದಿಂದ ಸುರಿಯುತ್ತಾರೆಂದು ಪಂದ್ಯವನ್ನೂ ಕಟ್ಟಿದರು. ಅವ್ವ ಗ್ಯಾಸಿನ ಮೇಲೆ ಚಹಾ ಇಟ್ಟು, ಚುರುಮುರಿ ತೋಯಿಸಿ ಸುಸಲಾ ಮಾಡಿ ತಟ್ಟೆ ತಟ್ಟೆ ಹಂಚಿದಳು. ಇಷ್ಟು ವರ್ಷ ಲಿಫ್ಟಿನಲ್ಲಿ ಪರಸ್ಪರರ ಚಪ್ಪಲಿ ನೋಡಿಕೊಂಡೇ ಇಳಿಯುತ್ತಿದ್ದ ನಾವು ಆ ಮಧ್ಯಾಹ್ನ ಮೊಣಕೈವರೆಗೂ ಒದ್ದೆಯಾಗಿ ಹೊಟ್ಟೆ ಹಿಡಿದು ನಕ್ಕೆವು. ಆಪಾ ಹಾಡಬಲ್ಲರೆಂದು ತಿಳಿದದ್ದು ಅಂದೇ, ರಾವ್ ಗಾರು ಹಾಡಬಾರದೆಂದು ತಿಳಿದದ್ದೂ ಅಂದೇ. ನನಗೆ ಬಿ.ಪಿ. ಇದೆ ಎಂಬುದು ನನಗೇ ನೆನಪಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. "ಬಂತು!" "ವಚ್ಚಿಂದಿ!" "ಆಗಯೀ!" ಎಂದು ಒಟ್ಟಿಗೇ ಕೂಗಿದೆವು. ಗುಳ್ಳೆಗಳು ಎದ್ದವು. ಮೀನುಗಳು ಒಂದೂ ಬಿಡದೆ ಬದುಕಿದ್ದವು. ನಾನು ರಾವ್ ಗಾರನ್ನು ಅಪ್ಪಿಕೊಂಡೆ.

ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿಯ ನೀರು ನೀರುಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಡಿಯಲ್ಲಿ ಉಬ್ಬಿದ ಕಾಳುಗಳ ಒಂದು ಪದರ. ಉಸಿರು ಕಟ್ಟಿದ್ದ ನೀರಿನಲ್ಲಿ ಆಹಾರ ಕೊಳೆತು, ಉಳಿದಿದ್ದ ಉಸಿರನ್ನೂ ಅದೇ ತಿಂದುಹಾಕಿತ್ತು. ಮೀನಿನ ಕಾಳಿನ ಶೀಶೆ ಎತ್ತಿ ನೋಡಿದೆ, ತಳ ಕಾಣುತ್ತಿತ್ತು. ನನಗೆ ತುಂಬಾ ದುಃಖವಾಯಿತು. ಔಷಧ ಹೋಯಿತೆಂದಲ್ಲ, ಅವು ಸಂಜೆ ನನಗಾಗಿ ಕಾಯುತ್ತವೆ ಎಂದು ಯಾವಾಗಿನಿಂದಲೋ ನಂಬಿಕೊಂಡಿದ್ದೆ.

ಸುದ್ದಿ ಕೇಳಿ ನಸೀಮ್ ಆಪಾ ಬಂದರು, ರಾವ್ ಗಾರು ಬಂದರು. ಶೀಶೆ ನಡುವೆ ಇತ್ತು. ಎಲ್ಲರೂ ಅದನ್ನು ಬಿಟ್ಟು ಬೇರೆಲ್ಲ ನೋಡಿದರು.

"ಹಸದಿರಬೇಕು ಅನಿಸ್ತ್ರೀ. ಒಂದ ಚಿಟಿಕಿ ಹಾಕಿದೆ" ಎಂದಳು ಸುಮಂಗಲಾ.

"ಭೂಕೆ ದಿಖ್ ರಹೆ ಥೆ ಬಿಚಾರೆ, ಮೈಂ ಭೀ ಜರಾ ಸಾ ಡಾಲೀ" ಎಂದರು ಆಪಾ.

ರಾವ್ ಗಾರು ಕನ್ನಡಕ ಒರೆಸುತ್ತ, "ಆಕಲಿ ಮೀದ ಉನ್ನಾಯೇಮೋ ಅನಿ, ಕೊಂಚೆಮೇ ವೇಶಾನು" ಎಂದರು.

ಮೂರು ಭಾಷೆಯಲ್ಲೂ ಮೀನಿಗೆ ಹಸಿವಾಗಿತ್ತು, ಮೂರು ಭಾಷೆಯಲ್ಲೂ ಹಾಕಿದ್ದು ಚೂರೇ ಚೂರು. ಅವ್ವ ಮಾತ್ರ, "ನಾ ಅದನ್ನ ಮುಟ್ಟಿಲ್ಲಪಾ. ಬರೇ ರೊಟ್ಟಿ ಮುರದ ಹಾಕಿದೆ" ಎಂದು ನಿರಪರಾಧಿಯಾದಳು. ಇನ್ನು ನನ್ನ ಪಾಳಿ. ಎಲ್ಲರೂ ಚಹಾ ಕುಡಿಯಲು ಒಳಗೆ ಹೋದಾಗ ನಾನೂ ಒಂದು ಹಿಡಿ ಹಾಕಿದ್ದೆ. ಅಷ್ಟು ಕಷ್ಟಪಟ್ಟ ಜೀವಗಳನ್ನು ಖಾಲಿ ಹೊಟ್ಟೆಯಲ್ಲಿ ಮಲಗಿಸುವುದು ಹೇಗೆ?

ಕರೆಂಟಿಲ್ಲದಾಗ ಕಾಪಾಡಿದವರೂ ನಾವೇ, ಕೊಂದವರೂ ನಾವೇ. ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ ಅವ್ವ ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟಳು: "ಹೋಗ್ಲಿ ಬಿಡ್ರಿ. ನಮ್ಮ ಮನಿಯಿಂದ ಹಸದ ಹೋಗಲಿಲ್ಲ, ಉಂಡ ಹೋದ್ವು." ಆಪಾಗೆ ಸುಮಂಗಲಾ ಅದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಆಪಾ ಅಳುತ್ತಲೇ ನಗಲು ಶುರುಮಾಡಿದರು, ಆಮೇಲೆ ಯಾರಿಂದಲೂ ತಡೆದುಕೊಳ್ಳಲಾಗಲಿಲ್ಲ. ಮೀನುಗಳನ್ನು ಟೊಂಗೆ ಮುರಿದ ಬೇವಿನ ಬುಡದಲ್ಲಿ ಮಣ್ಣು ಮಾಡಿದೆವು.

ಆ ವಾರವೇ ಡಾಕ್ಟರ ಮುಂದೆ ತೋಳು ಚಾಚಿ ಕಣ್ಣು ಮುಚ್ಚಿ ಕೂತೆ. "ಚೆನ್ನಾಗಿ ಇಳಿದಿದೆ, ಮೀನು ನೋಡುವುದನ್ನು ಬಿಡಬೇಡಿ" ಎಂದರು. ಮೀನು ಸತ್ತವು ಎಂದೆ. ಅವರು ಸಂಶಯದಿಂದ ಇನ್ನೊಮ್ಮೆ ಪಟ್ಟಿ ಸುತ್ತಿದರು. ಅಷ್ಟೇ ಬಂತು. ಹಾಗಾದರೆ ಏನು ಮಾಡಿದಿರಿ ಎಂದರು. ಮಗ್ಗಿನಿಂದ ನೀರು ಎತ್ತಿ ಸುರಿದೆವು ಎಂದೆ. ಅವರು ಗುಳಿಗೆ ಒಂದೇ ಸಾಕು ಎಂದು ನನ್ನನ್ನು ಬೇಗ ಕಳಿಸಿಕೊಟ್ಟರು.

ಆ ಖುಷಿಗೆ ಹೊಸ ಮೀನು ತಂದೆ. ಬಾಗಿಲು ತೆರೆದರೆ ಆಪಾ ಆಗಲೇ ಒಂದು ಚೀಲ ಮೀನು ತಂದು ತೊಟ್ಟಿಗೆ ಬಿಟ್ಟಿದ್ದರು. ಹಿಂದೆಯೇ ರಾವ್ ಗಾರು ಇನ್ನೊಂದು ಚೀಲ ಹಿಡಿದು ಮೆಟ್ಟಿಲಿಳಿದು ಬಂದರು. ಯಾರೂ ಯಾರಿಗೂ ಹೇಳಿರಲಿಲ್ಲ. ಕಾಳು ಹಾಕಿದ ಹಾಗೆಯೇ. ಈ ಊರು ಕಟ್ಟಿದ ದೊರೆ, ನೀರಿನಲ್ಲಿ ಮೀನು ತುಂಬಿದಂತೆ ಊರಲ್ಲಿ ಜನ ತುಂಬಲಿ ಎಂದು ಹರಸಿದ್ದನೆಂದು ಹೇಳುತ್ತಾರೆ. ಅವನ ಹಾರೈಕೆ ತಿರುಗಿ ನಮ್ಮ ತೊಟ್ಟಿಗೆ ಬಿದ್ದಿತ್ತು. ಕೊನೆಗೆ ಅವರಿಬ್ಬರ ಮನೆಗಳಲ್ಲೂ ತೊಟ್ಟಿ ಬಂದ ಮೇಲೆಯೇ ಮೀನುಗಳಿಗೆ ತಿರುಗಾಡಲು ಜಾಗ ಸಿಕ್ಕಿದ್ದು. ಬ್ಯಾಟರಿಗೂ ಈಗ ನೀರು ಸಿಗುತ್ತಿದೆ.

ಆದರೆ ಸಂಜೆಯ ಬೈಠಕ್ಕು ನಮ್ಮಲ್ಲೇ. ಕಾಳಿನ ಶೀಶೆ ಜಗಲಿಯ ಮೇಲೆ ಅವ್ವನ ವಿಭೂತಿಯ ಪಕ್ಕದಲ್ಲಿದೆ, ಬೇರೆಯವರು ಮುಟ್ಟುವಂತಿಲ್ಲ. ತೊಟ್ಟಿಯ ಮುಂದೆ ಕೂತ ಯಾರ ಮುಖದಲ್ಲಾದರೂ ಕರುಣೆ ಕಂಡಿತೋ, ಅವ್ವ ಅವರ ಕೈಗೆ ಸುಸಲಾದ ತಟ್ಟೆ ಕೊಡುತ್ತಾಳೆ. "ಮೊದಲ ನೀವು ತಿನ್ರಿ, ಆಮ್ಯಾಲ ಮೀನ ನೋಡ್ರಿ." ತಟ್ಟೆ ಹಿಡಿದ ಕೈ ಶೀಶೆಯ ಕಡೆಗೆ ಹೋಗುವುದಿಲ್ಲ. ಮೀನುಗಳು ಸುಖವಾಗಿವೆ. ಮೊನ್ನೆ ಡಾಕ್ಟರು ಮಾತ್ರ ಬಿ.ಪಿ. ಹೊಗಳಿ, ತೂಕದ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿ, ಮತ್ತೆ ಮುಖ ಕೆಡಿಸಿಕೊಂಡರು.

ಅಂದು ಸಂಜೆ ಒಂದೇ ತಟ್ಟೆ ಸಾಕೆಂದು ನಿರ್ಧಾರ ಮಾಡಿಯೇ ಕೂತೆ. ಹೊಟ್ಟೆಯೂ ತುಂಬಿತ್ತು. ಅವ್ವ ಬಂದು, "ಇನ್ನೊಂದ ಸ್ವಲ್ಪ. ಮುಖ ಸಣ್ಣದಾಗೇತಿ, ಹಸದಿರಬೇಕು" ಎಂದಳು. ಬೇಡ ಎನ್ನಲು ಬಾಯಿ ತೆರೆದೆ, ತೆರೆದ ಬಾಯಿ ನೋಡಿ ಅವಳ ಮುಖ ಅರಳಿತು. ಬೇವಿನ ಬುಡದಲ್ಲಿ ಮಲಗಿರುವ ಆ ಕೆಂಪು ಮೀನುಗಳ ಸಂಕಟ ನನಗೆ ಆಗ ತಿಳಿಯಿತು. ಅವು ಹಸಿವೆಗೆ ತಿಂದಿರಲಾರವು; ಇಷ್ಟು ಪ್ರೀತಿಯಿಂದ ಹಾಕುವವರಿಗೆ ಇಲ್ಲ ಎನ್ನುವುದು ಹೇಗೆಂದು ತಿಂದಿರಬೇಕು. ನಾನು ತಟ್ಟೆ ಮುಂದೆ ಚಾಚಿದೆ.