ಚಿತ್ರದ ಕಾರೂ ಅಜ್ಜಿಯ ಕಾಲೂ

ಮೊಮ್ಮಗಳು ಇಂದು ಮೊಬೈಲಿನಲ್ಲಿ ಹಳೆಯ ಕಾರೊಂದರ ಮಾರಾಟ ಪುಸ್ತಿಕೆಯ ಚಿತ್ರವನ್ನು ತೋರಿಸಿದಳು. ಮರ್ಕಂಜದ ನಮ್ಮ ಮನೆಗೆ ಬಂದ ಮೊದಲ ಕಾರು ಅದೇ.

ಆಗ ನನ್ನ ಅಜ್ಜಿಯ ಬಲಮೊಣಕಾಲು ಮಡಚುತ್ತಿರಲಿಲ್ಲ. ಬಸ್ಸು ಹತ್ತಲಾಗದೆ ಅವರು ವರ್ಷಗಳಿಂದ ತವರನ್ನು ಕಂಡಿರಲಿಲ್ಲ. ಪುಸ್ತಿಕೆಯ ನುಣುಪು ಹಾಳೆಯಲ್ಲಿ ಹೆಂಗಸೊಬ್ಬಳು ಹಿಂದಿನ ಆಸನದಲ್ಲಿ ಕಾಲು ಚಾಚಿ ಕುಳಿತಿದ್ದಳು. ಅದನ್ನು ನೋಡಿಯೇ ಅಪ್ಪ ಕಾರು ಕೊಂಡರು. ಆದರೆ ಬಂದ ಕಾರಿನಲ್ಲಿ ಅಜ್ಜಿಗೆ ಕಾಲು ಚಾಚಿ ಕೂರಲಾಗಲಿಲ್ಲ.

ಅಮ್ಮ ಹೂ ಕಟ್ಟುವ ಬಾಳೆನಾರಿನಿಂದ ಅಜ್ಜಿಯ ಕಾಲನ್ನು ಅಳೆದರು. ಆ ನಾರನ್ನೂ ಪುಸ್ತಿಕೆಯನ್ನೂ ಹಿಡಿದು, ಅಪ್ಪನನ್ನೂ ನನ್ನನ್ನೂ ಹೊರಡಿಸಿ, ಅದೇ ಕಾರಿನಲ್ಲಿ ಪುತ್ತೂರಿನ ಮಾರಾಟಗಾರರಲ್ಲಿಗೆ ಬಂದರು.

"ಅದು ಬರೇ ಚಿತ್ರ ಅಕ್ಕ. ಕಾರು ದೊಡ್ಡ ಕಾಣ್ಲಿಕ್ಕೆ ಜನರನ್ನು ಸಣ್ಣ ಬರೆಯುದು" ಎಂದು ಮಾರಾಟಗಾರರು ನಕ್ಕರು.

"ಹಾಗಾದ್ರೆ ನಮ್ಮ ಅತ್ತೆಯನ್ನೂ ಸಣ್ಣ ಮಾಡಿ ಕೊಡಿ ಮಾರಾಯ್ರೆ" ಎಂದರು ಅಮ್ಮ.

ಮಾರಾಟಗಾರರು ಸೋತರು. ಕಾರಿನ ತಳದಲ್ಲಿ ಹೊಸ ತೂತುಗಳನ್ನು ಕೊರೆಸಿ, ಮುಂದಿನ ಒಂದೇ ಉದ್ದನೆಯ ಆಸನವನ್ನು ನಾರಿನ ಅಳತೆಗೆ ತಕ್ಕಂತೆ ಮುಂದಕ್ಕೆ ಕೂರಿಸಿಕೊಟ್ಟರು.

ಮರುದಿನ ಅಜ್ಜಿ ಕಾಲು ಚಾಚಿ ಕುಳಿತು ಬೆಟ್ಟಂಪಾಡಿಯ ತವರಿಗೆ ಹೋದರು. ದಾರಿಯುದ್ದಕ್ಕೂ ಅಪ್ಪನ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು.

"ಅಷ್ಟು ದೊಡ್ಡ ಕಾರು ಇತ್ತಾ ಅಜ್ಜ?" ಎಂದಳು ಮೊಬೈಲಿನ ಚಿತ್ರ ನೋಡುತ್ತಿದ್ದ ಮೊಮ್ಮಗಳು.

"ಕಂಪೆನಿಯವರು ಕೊಟ್ಟದ್ದು ಸಣ್ಣದೇ ಮಗಾ. ದೊಡ್ಡ ಮಾಡಿಸಿದ್ದು ನನ್ನ ಅಮ್ಮ" ಎಂದೆ.